ಜಡೆ ಹೆಣೆಯುವಾಗ ಹೇಳಿದ ಗುರುತು

"ನೀವು ಪೊಲೀಸರಾದ್ರೆ ಸೀರೆ ಯಾಕ ಉಟ್ಟೀರಿ?" ಎಂದು ಆ ಹುಡುಗಿ ಮಹಿಳಾ ಪೊಲೀಸರನ್ನೇ ಕೇಳಿಬಿಟ್ಟಳು. ಹರಿಹರದ ರೈಲು ನಿಲ್ದಾಣದಲ್ಲಿ ಮಕ್ಕಳನ್ನು ಮಾರುವವರ ಕೈಯಿಂದ ಬಿಡಿಸಿ, ನಾನು ಅಡುಗೆ ಮಾಡುವ ದಾವಣಗೆರೆಯ ಬಾಲಮಂದಿರಕ್ಕೆ ಅವಳನ್ನು ಕರೆತಂದಿದ್ದರು. ಅವಳ ತಂಗಿ ಇನ್ನೂ ಆ ಜನರ ಬಳಿಯೇ ಇದ್ದಳು. ಎಲ್ಲೆಂದು ಕೇಳಿದರೆ ಅಕ್ಕ ಬಾಯಿ ಬಿಡುತ್ತಿರಲಿಲ್ಲ.

"ಮಕ್ಕಳ ಮುಂದೆ ಖಾಕಿ ಹಾಕಬಾರ್ದಂತ ಕಾನೂನು ಐತವ್ವ. ಬಾ, ನಿನ್ನ ತಲ್ಯಾಗೆ ಗುಬ್ಬಿ ಗೂಡು ಕಟ್ಟೈತೆ, ಬಾಚ್ತೀನಿ" ಎಂದರು ಆಕೆ. ಎಣ್ಣೆ ಹಚ್ಚಿ, ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದರು. ಎದುರಿಗೆ ಯಾರ ಮುಖವೂ ಇಲ್ಲದ್ದಕ್ಕೋ ಏನೋ, ಎರಡನೇ ಜಡೆ ಮುಗಿಯುವಷ್ಟರಲ್ಲಿ ಹುಡುಗಿ ತಂಗಿಯಿದ್ದ ಮನೆಯ ಗುರುತೆಲ್ಲ ಹೇಳಿದ್ದಳು.

ಮರುದಿನ ಮಧ್ಯಾಹ್ನ ತಂಗಿಯೂ ಬಂದಳು. ಎರಡು ತಟ್ಟೆ ಇಟ್ಟೆ. ಇಬ್ಬರೂ ಒಂದರಲ್ಲೇ ಉಂಡರು. ಬಳಸದ ತಟ್ಟೆ ಎತ್ತಿಡುವಾಗ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.