ಗಂಧೆ ಏಳದ ದಿನ

ಚಿಕ್ಕಮಗಳೂರಿನ ಚರ್ಮವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ತಮ್ಮ ಕೈಯನ್ನು ಉಗುರಿನಿಂದ ಪರಪರನೆ ಕೆರೆದುಕೊಳ್ಳುತ್ತಿದ್ದರು. ಪಿತ್ತದ ಗಂಧೆಗೆಂದೇ ಅಲ್ಲಿಗೆ ಹೋಗಿದ್ದ ನನಗೆ ನೋಡಲಾಗಲಿಲ್ಲ.

"ಕೆರೀಬೇಡಿ, ಇನ್ನೂ ಜಾಸ್ತಿ ಏಳುತ್ತೆ" ಎಂದೆ.

"ಏಳ್ಲಿ ಅಂತಲೇ ಕೆರೀತಿರೋದು ಅಕ್ಕ. ದಿನಾ ಏಳೋದು, ಇವತ್ತೇ ಒಂದೂ ಎದ್ದಿಲ್ಲ. ಗಂಧೆ ಆದ್ರೆ ಕಣ್ಣಿಗೆ ಕಾಣುತ್ತೆ. ಮೈನೋವು ಹೆಂಗೆ ತೋರ್ಸೋದು?"

ಅವರು ಕಳಸದ ಕಡೆಯವರು. ಸ್ವಂತದ್ದೇ ಸಣ್ಣ ಕಾಫಿ ತೋಟ. ಗಂಧೆ ಶುರುವಾಗಿ ಕೆಲವು ವರ್ಷಗಳ ಮೇಲೆ ಮೈಯೆಲ್ಲ ನೋವು ಸೇರಿಕೊಂಡಿತಂತೆ. ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಹಣ್ಣು ಕೊಯ್ಯುವಾಗ ಕೈ ಎತ್ತಲಾಗದೆ ಕುಳಿತರೆ ಮನೆಯವರು ಸೋಮಾರಿತನ ಎನ್ನುತ್ತಿದ್ದರಂತೆ.

ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಅಳುತ್ತಾ ಹೊರಬಂದರು. ಗಾಬರಿಯಾಗಿ ವಿಚಾರಿಸಿದೆ. ಬಹುಕಾಲ ಗಂಧೆ ಇರುವ ಕೆಲವರಿಗೆ ಫೈಬ್ರೊಮಯಾಲ್ಜಿಯ ಎಂಬ ಮೈನೋವಿನ ಕಾಯಿಲೆಯೂ ಇರುತ್ತದೆ, ಪರೀಕ್ಷೆಯಲ್ಲಿ ಕಾಣದಿದ್ದರೂ ಆ ನೋವು ನಿಜವಾದದ್ದೇ ಎಂದು ವೈದ್ಯರು ಹೇಳಿದರಂತೆ.

"ಅಂತೂ ಗೊತ್ತಾಯ್ತಲ್ಲ, ಇನ್ಯಾಕೆ ಅಳ್ತೀರಿ?"

"ಹೋದ ಮಳೆಗಾಲದಲ್ಲಿ ನಮ್ಮಮ್ಮ ತೀರಿಕೊಂಡ್ರು ಅಕ್ಕ. ಕೊನೇವರೆಗೂ ನಾನು ನಾಟಕ ಮಾಡ್ತೀನಿ ಅಂತಲೇ ಅಂದ್ಕೊಂಡಿದ್ರು. ಈಗ ಯಾರಿಗೆ ಹೇಳ್ಲಿ?"

ನನ್ನ ಸರದಿ ಬರುವವರೆಗೂ ಅವರ ಕೈ ಹಿಡಿದುಕೊಂಡು ಕುಳಿತಿದ್ದೆ.

ಮೂಡಿಗೆರೆಗೆ ಮರಳುವ ಬಸ್ಸಿನಲ್ಲಿ ನನ್ನ ಅಮ್ಮನಿಗೆ ಫೋನ್ ಮಾಡಿದೆ. "ಡಾಕ್ಟ್ರು ಏನಂದ್ರೇ? ತುರಿಕೆ ಕಮ್ಮಿ ಆಯ್ತಾ?" ಎಂದು ಅವಳು ಕೇಳಿದ್ದೇ ತಡ, ನನಗೆ ಅಳು ಬಂತು. ಹಾಗೆ ಕೇಳುವವರೊಬ್ಬರು ಇರುವುದು ದೊಡ್ಡ ವಿಷಯವೆಂದು ಅಲ್ಲಿಯವರೆಗೆ ನನಗೆ ಅನಿಸಿರಲೇ ಇಲ್ಲ.