ಮೈಕಿನಲ್ಲಿ ತಂದ ಹಾಸ್ಟೆಲು

ನಮ್ಮ ಕಡೆ ಯಾವ ಕಾರ್ಯಕ್ರಮ ನಡೆದರೂ ಮೈಕಿನ ಮುಂದೆ ನಾನೇ ನಿಲ್ಲಬೇಕು. ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪೇಟೆಯಲ್ಲಿ ಮಾತ್ರ ಯಾರೂ ನನ್ನನ್ನು ಕನ್ನಡ ಟೀಚರ್ ಅನ್ನುವುದಿಲ್ಲ, ಮೈಕ್ ಟೀಚರ್ ಅನ್ನುತ್ತಾರೆ. ಜಯಂತಿ, ಬೀಳ್ಕೊಡುಗೆ, ಕಟ್ಟಡದ ಉದ್ಘಾಟನೆ, ಏನೇ ಇರಲಿ, ಹಿಂದಿನ ದಿನ ನನಗೆ ಫೋನು ಬರುತ್ತದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗುತ್ತೇನೆ. ಸುಳ್ಳು ಯಾಕೆ ಹೇಳಲಿ, ನನಗೂ ಇಷ್ಟ. ತರಗತಿಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡವಳಿಗೆ, ಮೆಲ್ಲಗೆ ಅಂದರೂ ಊರಿಗೆಲ್ಲ ಕೇಳಿಸುವ ಆ ಯಂತ್ರದ ಮೇಲೆ ಮೋಹ ಬಾರದೆ ಇರುತ್ತದೆಯೇ?

ನಾನು ಹೆಚ್ಚು ಸಲ ಪರಿಚಯಿಸಿದ್ದು ನಮ್ಮ ಭಾಗದ ವಿಧಾನ ಪರಿಷತ್ ಸದಸ್ಯರನ್ನು. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೇಲ್ಮನೆಯಲ್ಲಿ ಅವರು ಏನೇನು ಮಾತಾಡಿದ್ದಾರೆ, ಯಾವುದರ ಪರ, ಯಾವುದರ ವಿರುದ್ಧ, ಎಲ್ಲ ನನಗೆ ಬಾಯಿಪಾಠ. ದೊಡ್ಡಾಸ್ಪತ್ರೆ ರಾಯಚೂರಿಗೇ ಬರಬೇಕೆಂದು ಧರಣಿ ಕೂತವರು. ಶಿಕ್ಷಕರ ಖಾಲಿ ಹುದ್ದೆ ತುಂಬಿರೆಂದು ಸದನದ ಬಾವಿಗಿಳಿದವರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದರೆ ಸಾಲದು, ಹಳ್ಳಿಗೆ ಬಸ್ಸನ್ನೂ ಬಿಡಿ ಎಂದವರು. ಪ್ರತಿ ಮಾತಿಗೂ ಚಪ್ಪಾಳೆಗೆಂದು ಸ್ವಲ್ಪ ಜಾಗ ಬಿಡಬೇಕು. ಅದು ನಿರೂಪಕಿಯರ ಕಸುಬು.

ಕೊನೆಗೆ ಒಂದು ಮಾತು ಇಟ್ಟುಕೊಂಡಿರುತ್ತಿದ್ದೆ. ದಸರಾ ಮುಗಿದರೆ ಸಾಕು, ನಮ್ಮ ತಾಲ್ಲೂಕಿನ ಅರ್ಧ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಪುಣೆ, ಎಲ್ಲಿ ಕಟ್ಟಡದ ಕೆಲಸವೋ ಅಲ್ಲಿಗೆ. ಅವರ ಹಿಂದೆಯೇ ಮಕ್ಕಳೂ ಹೋಗುತ್ತಾರೆ, ನನ್ನ ತರಗತಿಯ ಬೆಂಚುಗಳು ಬರಿದಾಗುತ್ತವೆ. ಇರುವ ಹಾಸ್ಟೆಲುಗಳಲ್ಲಿ ಸೇರಿಸೋಣವೆಂದರೆ ಅಲ್ಲಿ ಪ್ರವೇಶ ಬೇಸಿಗೆ ಮುಗಿಯುವಾಗಲೇ ಮುಗಿದಿರುತ್ತದೆ. ಈ ಮಕ್ಕಳಿಗೆಂದೇ ಆರು ತಿಂಗಳ ಹಾಸ್ಟೆಲು ಬೇಕೆಂದು ಸಾಹೇಬರು ಸದನದಲ್ಲಿ ಕೇಳಿದ್ದರು. ಮೊದಮೊದಲು ನಾನು ‘ಹಾಸ್ಟೆಲ್ ಕೇಳಿದವರು’ ಎಂದೇ ಹೇಳುತ್ತಿದ್ದೆ. ಅದಕ್ಕೆ ಚಪ್ಪಾಳೆ ಗಟ್ಟಿಯಾಗಿ ಬೀಳುತ್ತಿರಲಿಲ್ಲ. ಯಾವುದೋ ಸಭೆಯಲ್ಲಿ ‘ನಮ್ಮ ಮಕ್ಕಳಿಗೆ ಹಾಸ್ಟೆಲ್ ತಂದವರು’ ಅಂದೆ, ಚಪ್ಪರ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆಮೇಲೆ ಅದೇ ಉಳಿಯಿತು. ಸಾಹೇಬರು ತಿದ್ದಲಿಲ್ಲ. ಶಾಲೆಯ ಹಿಂದೆ ಹಾಸ್ಟೆಲಿಗೆಂದು ಗುರುತಿಸಿದ ಜಾಗದಲ್ಲಿ ಜಾಲಿ ಬೆಳೆದು ಹಂದಿಗಳು ಮಲಗುತ್ತವೆ ಎಂದು ಪೇಟೆಯವರಿಗೆಲ್ಲ ಗೊತ್ತು. ಸಭೆಯಲ್ಲಿ ಆಡಿದ ಮಾತನ್ನು ಯಾರು ಲೆಕ್ಕ ಇಡುತ್ತಾರೆ ಅಂದುಕೊಂಡಿದ್ದೆ.

ಒಬ್ಬಾಕೆ ಇಟ್ಟಿದ್ದಳು. ಕಳೆದ ವರ್ಷ ದಸರಾ ಮುಗಿದು ಶಾಲೆ ತೆರೆದ ವಾರ, ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನಿಂತಳು. ಗೂಗಲ್ ಎಂಬ ಹಳ್ಳಿಯ ಕಡೆಯ ಹೆಂಗಸು, ಕಂಕುಳಲ್ಲಿ ಕೂಸು. ಪಕ್ಕದಲ್ಲಿ ತಗಡಿನ ಟ್ರಂಕು ಹಿಡಿದು ನನ್ನ ಒಂಬತ್ತನೇ ತರಗತಿಯ ಹುಡುಗಿ. ತರಗತಿಯಲ್ಲಿ ಕೈ ಎತ್ತದೆ ಉತ್ತರ ಹೇಳಿಬಿಡುವ, ಬೈಸಿಕೊಂಡರೂ ಮತ್ತೆ ಹೇಳುವ ಹುಡುಗಿ ಅದು.

“ಟೀಚರ್ರೀ, ಹಾಸ್ಟೆಲ್ ಎಲ್ಲಿ ಅದ ತೋರಿಸ್ರಿ. ಟೆಂಪೋ ನಿಂತದ, ನಾವು ಬೆಂಗಳೂರಿಗೆ ಹೊಂಟೀವಿ.”

“ಯಾವ ಹಾಸ್ಟೆಲ್ ಯವ್ವಾ?”

“ನೀವ ಹೇಳಿದ್ರೆಲ್ರೀ ಮೈಕಿನ್ಯಾಗ, ಗುಳೆ ಹೋಗೋರ ಮಕ್ಕಳಿಗೆ ಸಾಹೇಬ್ರು ತಂದಾರಂತ. ನಾನೂ ಚಪ್ಪಾಳಿ ಹೊಡದೀನಿ. ಈಕೀನ ಕರ್ಕೊಂಡು ಹೋದ್ರ ಸಾಲಿ ಬಿಡಸಬೇಕು. ಅಲ್ಲಿ ಕೂಸಿನ್ನ ನೋಡ್ಕೋತಾ ಕುಂದ್ರತಾಳ. ನೀವು ಹೇಳಿದ್ದು ಕೇಳಿ ಜೀವ ಬಂತ್ರಿ ನನಗ.”

ಹುಡುಗಿ ನೆಲ ನೋಡುತ್ತಿದ್ದಳು. ಶಾಲೆಯ ಹಿಂದಿನ ಜಾಲಿ ಅವಳು ಕಾಣದ್ದೇನಲ್ಲ. ಹಾಸ್ಟೆಲು ಇಲ್ಲ ಎಂದು ಗೊತ್ತಿದ್ದೇ ಅವ್ವನ ಜೊತೆ ಟ್ರಂಕು ಹೊತ್ತು ಬಂದಿದ್ದಾಳೆ ಎಂದು ನನಗೆ ಆ ಗಳಿಗೆಯಲ್ಲೇ ಹೊಳೆಯಿತು. ನಾನು ಇಲ್ಲ ಅಂದರೆ ಟ್ರಂಕು ಟೆಂಪೋ ಹತ್ತುತ್ತದೆ, ಟ್ರಂಕಿನ ಜೊತೆ ಅವಳೂ.

“ಬಿಟ್ಟು ಹೋಗವ್ವ, ನಾ ಸೇರಸ್ತೀನಿ” ಅಂದೆ. ಆಕೆ ನನ್ನ ಕಾಲು ಮುಟ್ಟಲು ಬಗ್ಗಿದಳು. ಕೈ ಹಿಡಿದು ಎಬ್ಬಿಸಿ, ಜಲ್ದಿ ಹೋಗು, ಟೆಂಪೋ ಬಿಡ್ತಾರ ಎಂದು ಹೆಚ್ಚುಕಡಿಮೆ ತಳ್ಳಿಯೇ ಕಳಿಸಿದೆ.

ಅತ್ತೆ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಿದ್ದರು. “ಇದೇನು ಧರ್ಮಶಾಲಿ ಮಾಡಿದೇನಬೇ ಮನೀನ? ಇರೋವು ಎರಡು ಖೋಲಿ” ಎಂದು ಮಧ್ಯಾಹ್ನದವರೆಗೂ ಗೊಣಗಿದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಬುದ್ಧನ ಫೋಟೋದ ಕೆಳಗಿನ ಮೂಲೆ ಖಾಲಿ ಮಾಡಿ, ಟ್ರಂಕಿಟ್ಟು, ಮೇಲೆ ತಮ್ಮದೇ ಕೌದಿ ಮಡಚಿ ಹಾಕಿದ್ದರು. ಅತ್ತೆಯೂ ಒಂದು ಕಾಲಕ್ಕೆ ಗುಳೆ ಹೋದವರೇ. ನನ್ನ ಗಂಡನನ್ನು ಬೆನ್ನಿಗೆ ಕಟ್ಟಿಕೊಂಡು ಕಾಲುವೆಯ ಮಣ್ಣು ಹೊತ್ತವರು. ಆ ವಿಷಯ ಎತ್ತಿದರೆ ಸಿಟ್ಟಾಗುತ್ತಾರೆ, ಅದಕ್ಕೆ ನಾನೂ ಎತ್ತಲಿಲ್ಲ.

ಭಾನುವಾರ ರಾಯಚೂರಿಗೆ ಹೋದೆ. ಬಸ್ಸಿನಲ್ಲಿ ಕೂತು ಸಾಹೇಬರಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮಸೆದುಕೊಂಡಿದ್ದೆ. ಅವರ ಮನೆಯ ಮುಂದೆ ಎಂದಿನಂತೆ ಜನ. ವರ್ಗಾವಣೆಯವರು, ಆಸ್ಪತ್ರೆಯವರು, ಲಗ್ನದ ಕಾರ್ಡು ಹಿಡಿದವರು. ನನ್ನನ್ನು ನೋಡಿ ಒಳಗೇ ಕರೆದರು. ಎಲ್ಲ ಹೇಳಿದೆ. ಮಸೆದುಕೊಂಡ ಮಾತುಗಳಲ್ಲಿ ಅರ್ಧ ಹೊರಗೆ ಬರಲೇ ಇಲ್ಲ. ಬೈದರೆ ಬೈಸಿಕೊಳ್ಳಲು ಸಿದ್ಧರಾಗಿ ಕೂತವರನ್ನು ಹೇಗೆ ಬೈಯುವುದು?

“ನಾನು ಕೇಳೋದು ಬಿಟ್ಟಿಲ್ಲ ಟೀಚರ್ರೇ” ಎಂದು ಮೇಜಿನ ಮೇಲಿನ ಹಾಳೆಗಳನ್ನು ನನ್ನ ಕಡೆ ಸರಿಸಿದರು. ಸದನದಲ್ಲಿ ಅವರು ಕೇಳಿದ ಪ್ರಶ್ನೆ, ಸರ್ಕಾರ ಕೊಟ್ಟ ಉತ್ತರ. ಒಂದು ಅಧಿವೇಶನದಲ್ಲಿ ‘ಪರಿಶೀಲನೆಯಲ್ಲಿದೆ’. ಮುಂದಿನದರಲ್ಲಿ ‘ಜಾಗ ಗುರುತಿಸಲಾಗಿದೆ’. ಅದರ ಮುಂದಿನದರಲ್ಲಿ ‘ಅನುದಾನದ ಲಭ್ಯತೆಗನುಸಾರ ಕ್ರಮ ಕೈಗೊಳ್ಳಲಾಗುವುದು’. ಆಮೇಲೆ ಸರ್ಕಾರ ಬದಲಾಯಿತು, ಮತ್ತೆ ‘ಪರಿಶೀಲನೆಯಲ್ಲಿದೆ’. ನನ್ನೆದುರಿಗೇ ಯಾರೋ ಅಧಿಕಾರಿಗೆ ಫೋನು ಹಚ್ಚಿದರು. ಆ ಕಡೆಯವರು ನೋಡ್ತೀವಿ ಸರ್ ಅಂದದ್ದು ನನಗೂ ಕೇಳಿಸಿತು. ಸಾಹೇಬರು ಫೋನಿಟ್ಟು ನನ್ನ ಮುಖ ನೋಡಲಿಲ್ಲ, ಚಹಾ ತರಿಸಿದರು.

ಎದ್ದು ಹೊರಡುವಾಗ, ಮಾನ್ವಿಯಲ್ಲಿ ತಮಗೆ ಸನ್ಮಾನ ಇದೆ, ನಿರೂಪಣೆಗೆ ನೀವೇ ಬರಬೇಕಂತೆ ಅಂದರು. ಒಲ್ಲೆ ಅನ್ನಬೇಕಾಗಿತ್ತು. ಆ ಹಾಳೆಗಳದೊಂದು ಝೆರಾಕ್ಸ್ ಕೇಳಿ ತಗೊಂಡು, ಬರ್ತೀನ್ರಿ ಅಂದೆ.

ಮಾನ್ವಿಯ ಕಲ್ಯಾಣ ಮಂಟಪ ತುಂಬಿತ್ತು. ಹಿರೇಕೊಟ್ನೆಕಲ್ ಕಡೆಯ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಹೆಣ್ಣುಮಕ್ಕಳನ್ನು ಕರೆಸಿದ್ದರು. ಅವರ ಸೀರೆ ಸೆರಗು ನೋಡುತ್ತ ನಿಂತರೆ ನನಗೆ ಎಲ್ಲ ಮುಖಗಳೂ ಗೂಗಲ್ಲಿನ ಆಕೆಯ ಮುಖದಂತೆಯೇ ಕಂಡವು. ಈ ಸಲ ‘ಕೂತವರು, ಇಳಿದವರು, ತಂದವರು’ ಒಂದೂ ಇಲ್ಲ. ಹಾಸ್ಟೆಲಿನ ಪ್ರಶ್ನೆಗಳನ್ನು, ಅವುಗಳ ಉತ್ತರಗಳನ್ನು ಮಾತ್ರ ಓದುತ್ತೇನೆ, ಇವತ್ತು ಈ ಸಭೆ ಮೌನವಾಗಬೇಕು ಎಂದು ಹಟ ಹಿಡಿದು ಬಂದಿದ್ದೆ.

“ಗುಳೆ ಹೋಗುವವರ ಮಕ್ಕಳಿಗೆ ಹಾಸ್ಟೆಲ್ ಯಾವಾಗ ಎಂದು ಮಾನ್ಯರು ಸದನದಲ್ಲಿ ಕೇಳಿದರು. ಪರಿಶೀಲನೆಯಲ್ಲಿದೆ ಎಂದು ಸರ್ಕಾರ ಹೇಳಿತು” ಎಂದೆ. ಉಸಿರು ತೆಗೆದುಕೊಳ್ಳಲು ನಿಂತೆ. ಚಪ್ಪಾಳೆ ಬಿತ್ತು.

“ಮತ್ತೆ ಕೇಳಿದರು. ಜಾಗ ಗುರುತಿಸಲಾಗಿದೆ ಎಂದಿತು.” ಇನ್ನೂ ಜೋರು ಚಪ್ಪಾಳೆ. ಹಿಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು.

“ಆ ಜಾಗದಲ್ಲಿ ಇವತ್ತಿಗೂ ಜಾಲಿ ಮುಳ್ಳು ಬೆಳೆದಿದೆ” ಎಂದೆ. ನನ್ನ ದನಿ ನಡುಗುತ್ತಿತ್ತು. ನಡುಗಿದ್ದಕ್ಕೂ ಚಪ್ಪಾಳೆ. ಇಷ್ಟು ವರ್ಷ ಎಲ್ಲಿ ಉಸಿರು ತೆಗೆದುಕೊಂಡರೆ ಅಲ್ಲಿ ಚಪ್ಪಾಳೆ ತಟ್ಟಬೇಕೆಂದು ಈ ಜನಕ್ಕೆ ರೂಢಿ ಮಾಡಿಸಿದವರಲ್ಲಿ ನಾನೂ ಒಬ್ಬಳು. ಈಗ ತಟ್ಟಬೇಡಿರೆಂದರೆ ಯಾರು ಕೇಳುತ್ತಾರೆ? ಸಂಘಟಕರು ಓಡಿಬಂದು ನನಗೂ ಒಂದು ಶಾಲು ಹೊದಿಸಿದರು. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಊಟದ ಗದ್ದಲದಲ್ಲಿ ಸಾಹೇಬರು ಕಾರಿನ ಹತ್ತಿರ ನನ್ನನ್ನು ಕರೆದರು. ಈಗ ಬೈಯುತ್ತಾರೆ ಅಂದುಕೊಂಡು ನಾನೂ ಸೆಟೆದು ನಿಂತೆ. ಅವರು ಕೊರಳಿನ ಹಾರ ತೆಗೆದು ಸೀಟಿನ ಮೇಲೆ ಹಾಕಿ, ಮೆಲ್ಲಗೆ ಅಂದರು: “ಉತ್ತರಕ್ಕೂ ಚಪ್ಪಾಳಿ ಹೊಡದ್ರು ನೋಡವ್ವ. ಇಲ್ಲಿ ಇವರಿಗೇ ಸಿಟ್ಟು ಬರಲಿಲ್ಲಂದ್ರ, ಅಲ್ಲಿ ನನ್ನ ಮಾತಿಗೆ ಯಾರು ಅಂಜ್ತಾರ?” ಕಾರು ಹೋದಮೇಲೂ ಅಲ್ಲೇ ನಿಂತಿದ್ದೆ. ಆ ಮಾತು ನಿಜವೋ, ತಪ್ಪಿಸಿಕೊಳ್ಳುವ ದಾರಿಯೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಒಮ್ಮೊಮ್ಮೆ ಎರಡೂ ಇರಬಹುದು ಅನಿಸುತ್ತದೆ.

ಸಂಜೆ ಮನೆಗೆ ಬಂದರೆ ಹುಡುಗಿ ಅತ್ತೆಯ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದಳು. ಕಿವಿಗೆ ಹಿಡಿದರೆ ಅತ್ತೆಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೆ ಆ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಆ ಕಡೆ ಕಾಂಕ್ರೀಟು ಕಲಸುವ ಮಿಷನ್ನಿನ ಸದ್ದು.

“ಹಾಸ್ಟೆಲ್ ಹೆಂಗದ ಮಗಳ?”

“ಚಲೋ ಅದ ಯವ್ವಾ. ವಾರ್ಡನ್ ಮುದುಕಿ ಬೈತಾಳ, ಆದ್ರ ಹೊಟ್ಟಿತುಂಬ ಹಾಕ್ತಾಳ.”

ರೊಟ್ಟಿ ಬೇಯಿಸುತ್ತಿದ್ದ ಅತ್ತೆ ತಿರುಗಿ ನೋಡಿ, ಮತ್ತೆ ಒಲೆ ಕಡೆ ತಿರುಗಿದರು. ನನಗೆ ನಗು ಬಂತು. ಆದರೂ ಫೋನು ಇಸಿದುಕೊಂಡು, ಹಾಸ್ಟೆಲ್ ಇಲ್ಲ ಯವ್ವಾ, ನಿನ್ನ ಮಗಳು ನಮ್ಮ ಮನಿಯಾಗ ಅದಾಳ ಎಂದು ಹೇಳಬೇಕೆಂದು ಕೈ ಚಾಚಿದೆ. ಹುಡುಗಿ ಫೋನನ್ನು ಎದೆಗೆ ಒತ್ತಿ ಹಿಡಿದು, “ಬ್ಯಾಡ್ರೀ ಟೀಚರ್. ಮಂದಿ ಮನಿಯಾಗ ಅದೀನಂದ್ರ ಹಂಗಿಗೆ ಅಂಜಿ ನಾಳೇನ ಬಂದು ಕರ್ಕೊಂಡು ಹೋಗ್ತಾಳ” ಅಂದಳು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವ್ವ ಆ ಕಡೆಯಿಂದ ಸಾಹೇಬರ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದಳು.

ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೆ ಆಕೆ ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳಿದ್ದಳು. ಮೈಕಿಲ್ಲದೆ, ಚಪ್ಪಾಳೆಗೆ ಜಾಗ ಬಿಡದೆ, ದೇವದುರ್ಗದಾಗ ನಮ್ಮಂಥೋರ ಮಕ್ಕಳಿಗೆ ಹಾಸ್ಟೆಲ್ ಅದ, ನನ್ನ ಮಗಳು ಅಲ್ಲೇ ಉಂಡು ಓದಾಕತ್ತಾಳ, ಮೈಕ್ ಟೀಚರ್ ಮನಿ ಕೇಳ್ಕೊಂಡು ಹೋದ್ರ ಸೇರಸ್ತಾರ ಎಂದು. ಮುಂದಿನ ವಾರ ಬೆಳಿಗ್ಗೆ ಬೆಂಗಳೂರು ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಒಬ್ಬಳು ಅಕ್ಕ, ಒಬ್ಬಳು ತಂಗಿ. ಇಬ್ಬರ ನಡುವೆ ಸಿಮೆಂಟಿನ ಚೀಲದಲ್ಲಿ ತುಂಬಿದ ಬಟ್ಟೆ. ಚಿಕ್ಕವಳ ಕೂದಲಲ್ಲಿ ಇನ್ನೂ ಸುಣ್ಣದ ಧೂಳು ಇತ್ತು.

“ಹಾಸ್ಟೆಲ್ ಇದೇನ್ರಿ?” ಎಂದಳು ದೊಡ್ಡವಳು.

ಇಷ್ಟು ಸಭೆಗಳನ್ನು ಮಾತಿನಲ್ಲೇ ಎತ್ತಿ ನಿಲ್ಲಿಸಿದ ನನಗೆ, ಇದೆ ಅನ್ನುವುದಕ್ಕೂ ಆಗಲಿಲ್ಲ, ಇಲ್ಲ ಅನ್ನುವುದಕ್ಕೂ ಆಗಲಿಲ್ಲ. ಅತ್ತೆಯ ಕಡೆ ನೋಡಿದೆ. ಅವರು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದರು.

ನಮ್ಮ ಹುಡುಗಿ ನನ್ನ ಪಕ್ಕದಿಂದ ನುಸುಳಿ ಹೊರಗೆ ಹೋದಳು. ಕೈ ಎತ್ತದೆ ಉತ್ತರ ಹೇಳುವ ಹುಡುಗಿ. ಚೀಲದ ಒಂದು ಮೂಲೆ ಹಿಡಿದು, “ಹೂಂ, ಇದೇ. ಚಪ್ಪಲಿ ಹೊರಗ ಬಿಡ್ರಿ, ವಾರ್ಡನ್ ಬೈತಾಳ” ಅಂದಳು.