ಕುಂಕುಮ ಕಾಣದ ಕಲ್ಲು

ಸೊಲ್ಲಾಪುರದ ಕಂಬಳಿ ವ್ಯಾಪಾರಿ ಮಲಕಾಜಪ್ಪನ ಹೆಂಡತಿ ನೀಲಗಂಗಾ ಒಬ್ಬ ದೇವಿಯನ್ನು ಹುಟ್ಟಿಸಿದಳು. ಹಾಗಂತ ಆಕೆ ದೊಡ್ಡ ಭಕ್ತಳೇನಲ್ಲ. ನಾಲ್ಕು ದಿನ ಮನೆಯಿಂದ ಹೊರಗೆ ಹೋಗಿ ಬರಬೇಕಾಗಿತ್ತು, ಅಷ್ಟೇ.

ಆ ಮನೆ ಹೇಗಿತ್ತೆಂದರೆ, ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಕಂಬಳಿ ಗಂಟುಗಳ ಕತ್ತಲೆ ಕೋಣೆ. ಅಡುಗೆಮನೆಗೆ ಒಂದು ಕಿಟಕಿ. ತೆರೆದರೆ ಕೈಗೆ ಎಟಕುವಷ್ಟು ಹತ್ತಿರ ಪಕ್ಕದವರ ಗೋಡೆ. ಮೈಂದರ್ಗಿಯಿಂದ ಸೊಸೆಯಾಗಿ ಬಂದಾಗಿನಿಂದ ನೀಲಗಂಗಾ ಆ ಗೋಡೆ ನೋಡುತ್ತಲೇ ರೊಟ್ಟಿ ಬಡಿದವಳು. ಅದರ ಗಾರೆ ಎಲ್ಲೆಲ್ಲಿ ಉದುರಿದೆ, ಯಾವ ಬಿರುಕಿನಲ್ಲಿ ಇರುವೆ ಸಾಲು ಹೋಗುತ್ತದೆ, ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಊರು ಸುತ್ತಲಿಲ್ಲವೆಂದಲ್ಲ. ಪಂಢರಪುರ ಆಗಿತ್ತು, ಗಾಣಗಾಪುರ ಆಗಿತ್ತು, ಅಕ್ಕಲಕೋಟೆಗಂತೂ ವರ್ಷಕ್ಕೊಮ್ಮೆ. ಆದರೆ ಹೋದಲ್ಲೆಲ್ಲ ಪಾಳಿ, ತೆಂಗಿನಕಾಯಿ, ಮುಂದಿನವರ ಬೆನ್ನು. ಒಮ್ಮೆ ತುಳಜಾಪುರದ ಘಾಟಿನಲ್ಲಿ ಬಸ್ಸು ತಿರುವು ತೆಗೆದುಕೊಂಡಾಗ ಕಿಟಕಿಯಾಚೆ ಇಡೀ ಬಯಲು ಬಟ್ಟೆ ಹಾಸಿದಂತೆ ತೆರೆದುಕೊಂಡಿತು. ಆಕೆ ಕತ್ತು ಹೊರಳಿಸಿದ್ದೇ ತಡ, ಪಕ್ಕದಲ್ಲಿದ್ದ ಅತ್ತೆ ರತ್ನಾಬಾಯಿ ಸೆರಗು ಜಗ್ಗಿದರು.

"ಕೆಳಗ ನೋಡಬ್ಯಾಡ, ವಾಂತಿ ಆಗ್ತದ. ಅಂಬಾಬಾಯಿ ಅನ್ನು, ಕಣ್ಣ ಮುಚ್ಚು."

ನೀಲಗಂಗಾ ಕಣ್ಣು ಮುಚ್ಚಿದಳು. ಅಂಬಾಬಾಯಿ ಅನ್ನಲಿಲ್ಲ.

ಎಪ್ಪತ್ತಾರನೆಯ ಇಸವಿಯ ಬೇಸಿಗೆ ಬಂತು. ಕಂಬಳಿ ಕೇಳುವವರಿಲ್ಲದೆ ಅಂಗಡಿ ತೂಕಡಿಸುವ ಕಾಲ ಅದು. ಮಕ್ಕಳು ಸಾಲಿ ರಜೆಗೆಂದು ಅಜ್ಜಿಯ ಊರು ಮೈಂದರ್ಗಿಗೆ ಹೋಗಿದ್ದರು. ಆಗಲೇ ಅಕ್ಕಲಕೋಟೆ ಕಡೆಯ ಕುರುಬರ ಧರೆಪ್ಪ ವರ್ಷದ ಕಂಬಳಿ ಹೊತ್ತು ತಂದ. ಹಿತ್ತಲ ಕಟ್ಟೆಯ ಮೇಲೆ ಊಟಕ್ಕೆ ಕುಳಿತ. ಅವನ ಮಗಳನ್ನು ಸಾತಾರಾದ ಆಚೆ, ಪಾಟಣದ ಬೆಟ್ಟದ ಸೀಮೆಗೆ ಕೊಟ್ಟಿದ್ದರು. ಅಲ್ಲಿಗೆ ಹೋಗಿ ಬಂದ ಸುದ್ದಿ ಹೇಳತೊಡಗಿದ.

"ಅಕ್ಕಾರ, ಅಲ್ಲಿ ಗುಡ್ಡದ ಅಂಚಿಗಿ ಒಂದು ಕಡಾ ಅದರಿ. ಅಲ್ಲಿಗಿ ನೆಲಾನ ಮುಗೀತದ."

"ನೆಲ ಹೆಂಗ ಮುಗೀತದೋ?"

"ಮುಗೀತದ್ರಿ. ರೊಟ್ಟಿ ಮುರದಂಗ. ಮುಂಜಾನಿ ಕುಂತರ ಮೋಡ ನಿಮ್ಮ ಕಾಲ ಕೆಳಗ. ಹಿಂಜಿದ ಉಣ್ಣಿ ಹರವಿದಂಗ. ಹೊತ್ತು ಏರಿದಂಗ ಮೋಡ ಹರೀತದ, ತಳದಾಗ ಅಡವಿ ಕಾಣ್ತದ, ನಡಕ ಒಂದು ಹೊಳಿ. ಮ್ಯಾಲ ನೀವು, ನಿಮ್ಮ ಮ್ಯಾಲ ಹದ್ದು ಸೈತ ಇಲ್ಲ. ಹದ್ದು ಕೆಳಗ ಹಾರ್ತಿರ್ತದ!"

ನೀಲಗಂಗಾಳ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. "ಮಂದಿ ಭಾಳ ಬರ್ತಾರೇನು?"

"ಯಾಕ ಬರ್ತಾರ್ರಿ? ಗುಡಿ ಇಲ್ಲ, ಚಹಾದ ಅಂಗಡಿ ಇಲ್ಲ. ಒಂದು ಕಲ್ಲಿಗೂ ಯಾರೂ ಕುಂಕುಮ ಹಚ್ಚಿಲ್ಲ. ಹೆಂಗ ಹುಟ್ಟಿತ್ತೋ ಹಂಗ ಅದ."

ಆ ಮಾತು ಆಕೆಯ ಎದೆಗೆ ಹತ್ತಿತು. ಯಾರೂ ಕುಂಕುಮ ಹಚ್ಚದ ಕಲ್ಲು! ಮುಂದಿನ ಒಂದು ವಾರ ಆಕೆ ಗೋಡೆ ನೋಡಲಿಲ್ಲ, ಗೋಡೆಯ ಮೇಲೆ ದಾರಿ ನೋಡಿದಳು. ಸಾತಾರಾದ ಬಸ್ಸು, ಅಲ್ಲಿಂದ ಪಾಟಣದ ಬಸ್ಸು, ಆಮೇಲೆ ಧರೆಪ್ಪನ ಮಗಳು ಸೋಮವ್ವನ ಮನೆಯಲ್ಲಿ ವಸ್ತಿ. ಬುತ್ತಿಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ. ಮಳೆ ಹಿಡಿಯುವ ಮೊದಲೇ ಹೋಗಿ ಬರಬೇಕು. ಗಂಡ ಊಟಕ್ಕೆ ಕುಳಿತಾಗ ಮೆಲ್ಲಗೆ ಮಾತು ತೆಗೆದಳು.

ಮಲಕಾಜಪ್ಪ ಕೆಟ್ಟವನಲ್ಲ. ತುತ್ತು ಕೈಯಲ್ಲಿ ಹಿಡಿದೇ ಕೇಳಿದ, "ಅಲ್ಲಿ ಏನದ?"

"ಏನೂ ಇಲ್ಲರಿ. ಅದಕ್ಕಽ."

"ಏನೂ ಇಲ್ಲದಲ್ಲಿ ಹೋಗಿ ಏನು ಮಾಡೂದು? ಮಂದಿ ಕೇಳಿದ್ರ ಎಲ್ಲಿಗಿ ಹೋಗ್ಯಾರ ಅನ್ನಬೇಕು? ಯಾವ ದೇವರಾದರೂ ಅದ ಏನು?"

ಅವನು ಬೇಡ ಅನ್ನುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿರಲಿಲ್ಲ. ಆ ಮನೆತನದಲ್ಲಿ ದೇವರಿಲ್ಲದ ಊರಿಗೆ ಸಂತೆಗೋ ಸಾವಿಗೋ ಬಿಟ್ಟು ಯಾರೂ ಹೋದವರಿಲ್ಲ. ನೀಲಗಂಗಾ ಬಾಯಿ ತೆರೆದಳು. ಬಾಯಿಂದ ದೇವಿ ಬಂದಳು.

"ಕಡ್ಯಾಯಿ ಅಂತ ಅದಾಳರಿ. ಕಡಾದ ಮ್ಯಾಲೆ."

"ಮತ್ತ ಅದನ್ನ ಮೊದಲಽ ಹೇಳಬಾರದ?" ಮಲಕಾಜಪ್ಪ ತುತ್ತು ಬಾಯಿಗಿಟ್ಟ. "ದೇವರಿದ್ರ ಬ್ಯಾರೆ ಮಾತು."

ಅಷ್ಟರಲ್ಲಿ ಕತ್ತಲೆ ಕೋಣೆಯಿಂದ ರತ್ನಾಬಾಯಿಯ ಧ್ವನಿ ಬಂತು. ಬಿಸಿಲು ತಪ್ಪಿಸಿಕೊಳ್ಳಲು ಅವರು ಅಲ್ಲೇ ಕಂಬಳಿ ಗಂಟಿಗೆ ಒರಗಿರುತ್ತಿದ್ದರು. ಎರಡೂ ಮೊಣಕಾಲು ಹಿಡಿದು ವರ್ಷಗಳಾಗಿದ್ದವು.

"ಯಾ ದೇವಿ ಅಂದಿ? ಏನು ವಾಸಿ ಮಾಡ್ತಾಳ?"

"ಕೀಲು, ಅತ್ತಿ."

"ವಾರ ಯಾವುದು?"

"ಶುಕ್ರವಾರ."

"ನಡಕೊಳ್ಳೂದು ಹೆಂಗ?"

"ನಂದಾದೀಪ. ಆರಗೊಡಬಾರದಂತ."

"ಪೂಜಾ ಯಾರು ಮಾಡಬೇಕು?"

ಇಲ್ಲಿ ನೀಲಗಂಗಾ ಶಾಣೇತನ ಮಾಡಿದಳು. ಪೂಜೆ ಗಂಡಸರದು ಅಂದರೆ ಗಂಡನೊಬ್ಬನೇ ಹೋಗಿ ಬಂದಾನು. ಹಿರಿಯರದು ಅಂದರೆ ಅತ್ತೆಯನ್ನು ಡೋಲಿಯಲ್ಲಿ ಹೊತ್ತಾರು. "ಮನಿ ಸೊಸಿನಽ ಮಾಡಬೇಕಂತ ಅತ್ತಿ, ಆಕಿ ಕೈಲಿಂದಽ. ಬ್ಯಾರೆಯವರು ಮುಟ್ಟಿದ್ರ ದೇವಿಗೆ ನಡಿಯೂದಿಲ್ಲ."

ರತ್ನಾಬಾಯಿ ಅಲ್ಲೇ ಕುಳಿತು ಪಡುವಣಕ್ಕೆ ಕೈ ಮುಗಿದರು. ಬೇಸಿಗೆಯ ಸೆಕೆಗೆ ಅವರ ಕೀಲು ಪ್ರತಿ ವರ್ಷ ಸ್ವಲ್ಪ ಸಡಿಲಾಗುತ್ತಿತ್ತು. ಈ ವರ್ಷ ಸಡಿಲಾದದ್ದು ಮಾತ್ರ ಕಡ್ಯಾಯಿಯ ಕೃಪೆಯಾಯಿತು. ವಾರ ಕಳೆಯುವುದರೊಳಗೆ ಅವರು ಗೋಡೆ ಹಿಡಿದು ಅಂಗಡಿಯವರೆಗೆ ನಡೆದು ಬಂದರು. ಮಲಕಾಜಪ್ಪ ಬೆರಗಾದ, ಓಣಿಯ ಹೆಂಗಸರು ನೋಡಲು ಬಂದರು. ನೀಲಗಂಗಾ ಬುತ್ತಿಯ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದ್ದಳು, ಒಂದು ಜೋಡಿ ಸೀರೆ ಗಂಟು ಕಟ್ಟಿದ್ದಳು. ಧರೆಪ್ಪ ಸೋಮವಾರ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು.

ಭಾನುವಾರ ರತ್ನಾಬಾಯಿ ಎಲ್ಲರನ್ನೂ ಕರೆದು ಕೂಡಿಸಿದರು. ಕಣ್ಣು ಹೊಳೆಯುತ್ತಿದ್ದವು.

"ನನ್ನ ಕನಸಿನಾಗ ಬಂದಿದ್ಲು. ಮುದುಕಿ, ನಿನಗ ಗುಡ್ಡ ಏರೂದು ಆಗೂದಿಲ್ಲ, ನಾನಽ ಬರ್ತೀನಿ ಅಂದ್ಲು."

ಈ ಸೀಮೆಯಲ್ಲಿ ಅದು ಹೊಸ ಮಾತಲ್ಲ. ಬೀರೋಬಾ ಬಂದದ್ದೂ ಹಾಗೇ, ಮೈಲಾರ ಬಂದದ್ದೂ ಹಾಗೇ. ಭಕ್ತ ಮುದುಕನಾಗಿ ಕಾಲು ಸೋತರೆ ದೇವರೇ ಕಲ್ಲಾಗಿ ಕಂಬಳಿಯಲ್ಲಿ ಕುಳಿತು ಬೆನ್ನ ಹಿಂದೆ ಬರುತ್ತಾನೆ. ತರುವವನು ತಿರುಗಿ ನೋಡಬಾರದು, ನೆಲಕ್ಕೆ ಇಳಿಸಬಾರದು. ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಲಕಾಜಪ್ಪ ಅಂಗಡಿಯಿಂದ ಹೊಸ ಕರಿ ಕಂಬಳಿ ತೆಗೆದ. ಸೋಮವಾರ ಬಂದ ಧರೆಪ್ಪನ ಕೈಗೆ ಅದನ್ನು ಕೊಟ್ಟು, ಕಡ್ಯಾಯಿಯ ಒಂದು ಕಲ್ಲು ತಾರಪ್ಪ ಅಂದರು ತಾಯಿ ಮಗ ಇಬ್ಬರೂ.

ಧರೆಪ್ಪ ಹಿತ್ತಲಿಗೆ ಬಂದ. ನೀಲಗಂಗಾಳ ಗಂಟು ಬಾಗಿಲ ಹತ್ತಿರವೇ ಇತ್ತು.

"ಅಕ್ಕಾರ, ಇದೇನ್ರಿ? ಅಲ್ಲಿ ದೇವರಿಲ್ಲ ಅಂತ ನಾನಽ ಹೇಳಿದ್ದೆ. ಈಗ ನಿಜ ಹೇಳಿದ್ರ ನಿಮಗ ಬೈತಾರ, ಹೇಳದಿದ್ರ ನಾನು ಕಲ್ಲು ಹೊರಬೇಕು. ಏನು ಮಾಡ್ಲಿ ಹೇಳ್ರಿ."

ಆಕೆ ಎದ್ದು ನೇರವಾಗಿ ಅತ್ತೆಯ ಹತ್ತಿರ ಹೋದಳು. ಧರೆಪ್ಪ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

"ಅತ್ತಿ, ಅಲ್ಲಿ ದೇವಿ ಇಲ್ಲ."

ರತ್ನಾಬಾಯಿ ಸೊಸೆಯ ಗಲ್ಲ ಹಿಡಿದು ನಕ್ಕರು. ಆ ಮನೆಗೆ ಬಂದ ಮೇಲೆ ಅವರು ಹಾಗೆ ಮುಟ್ಟಿದ್ದು ಅದೇ ಮೊದಲು.

"ಹೆಂಗ ಇರ್ತಾಳ ಹುಚ್ಚಿ? ಹೊಂಟಾಳ. ದಾರ್ಯಾಗ ಅದಾಳ."

"ಹಂಗಲ್ಲ ಅತ್ತಿ, ನಾನು..."

"ಗೊತ್ತದ, ನಿನಗ ಹೋಗಿ ದರ್ಶನ ಮಾಡೂ ಆಸೆ ಇತ್ತು. ಈಗ ದಿನಾ ದರ್ಶನ. ಎಲ್ಲಾ ನಿನ್ನ ಕೈಲಿಂದಽ."

ಮುದುಕಿ ಎದ್ದು, ಗೋಡೆ ಹಿಡಿಯದೆ, ತನ್ನ ಕಾಲಿನಿಂದಲೇ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ನೀಲಗಂಗಾ ಆ ಕಾಲು ನೋಡಿದಳು. ಇನ್ನೊಂದು ಮಾತು ಆಡಿದರೆ ಅವು ಮತ್ತೆ ಕುಸಿದಾವು ಅನ್ನಿಸಿತು. ಬಾಗಿಲ ಕಡೆ ತಿರುಗಿ, "ಧರೆಪ್ಪಣ್ಣ, ಹೋಗಿ ಬಾ" ಅಂದಳು. ಆಮೇಲೆ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕಿದಳು. ಬುತ್ತಿಯ ರೊಟ್ಟಿಯನ್ನು ಮನೆಯವರು ಸಾರಿನಲ್ಲಿ ನೆನೆಸಿ ತಿಂದರು.

ಧರೆಪ್ಪ ಪಾಪ, ಸುಳ್ಳು ಕಲ್ಲು ತರಲಿಲ್ಲ. ಊರ ಹೊರಗಿನ ಯಾವ ಕಲ್ಲಾದರೂ ನಡೆಯುತ್ತಿತ್ತು. ಅವನು ಪಾಟಣದವರೆಗೆ ಹೋಗಿ, ಬೆಟ್ಟ ಏರಿ, ಬಸ್ಸಿನಲ್ಲಿ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಆಕೆಯ ಕೈಗೆ ಕೊಡುವಾಗ ಮೆಲ್ಲಗೆ ಹೇಳಿದ, "ಕಡಾದ ತುದೀದು ಅಕ್ಕಾರ. ಕಾಲು ಇಳಿಬಿಟ್ಟು ಕೂಡ್ತಾರಲ್ಲ, ಅಲ್ಲೀದು."

ರೊಟ್ಟಿಯ ಅಗಲದ ಕಪ್ಪು ಕಲ್ಲು. ಅಡುಗೆಮನೆಯಲ್ಲಿ ಗಾಳಿಗೆ ದೀಪ ಆರಬಾರದೆಂದು ಕಿಟಕಿಗೆ ಹಲಗೆ ಬಡಿದು, ಅಲ್ಲೇ ಗೂಡು ಮಾಡಿದ್ದರು. ಓಣಿಯವರೆಲ್ಲ ನೆರೆದಿದ್ದರು. ಅತ್ತೆ ಕುಂಕುಮದ ಭರಣಿ ಮುಂದೆ ಹಿಡಿದರು. ನೀಲಗಂಗಾಳ ಕೈ ಏಳಲಿಲ್ಲ.

"ಹಚ್ಚವಾ," ಅಂದರು ರತ್ನಾಬಾಯಿ. "ಭಕ್ತಿಗೆ ಕೈನಽ ಏಳವಲ್ದು, ನೋಡ್ರಿ ಆಕಿದು."

ಹಚ್ಚಿದಳು.

ಅಂದಿನಿಂದ ಆಕೆ ಮೈಂದರ್ಗಿಗೆ ಹೋದರೂ ದೀಪಕ್ಕೆ ಎಣ್ಣೆ ಹಾಕುವ ಹೊತ್ತಿಗೆ ತಿರುಗಿ ಬರಬೇಕು. ತಂಗಿಯ ಮಗಳ ಲಗ್ನದಲ್ಲಿ ಅಕ್ಕಿಕಾಳು ಹಾಕಿದವಳೇ ಬಸ್ ಹಿಡಿದಳು. ಅಕ್ಕಲಕೋಟೆಗೂ ಈಗ ಅವಳನ್ನು ಬಿಟ್ಟೇ ಹೋಗುತ್ತಾರೆ. ಮನೆಯಲ್ಲೇ ದೇವಿ ಇದ್ದಾಳಲ್ಲ! ಪ್ರತಿ ಬೇಸಿಗೆ ಕಂಬಳಿ ತಂದ ಧರೆಪ್ಪ ಕಟ್ಟೆಯ ಮೇಲೆ ಕುಳಿತು, "ಈ ಸಲ ಬರ್ತೀರೇನ್ರಿ?" ಅನ್ನುತ್ತಾನೆ. "ಎಣ್ಣಿ ಹಾಕೂದದ," ಅನ್ನುತ್ತಾಳೆ. ಇಬ್ಬರೂ ನಗುತ್ತಾರೆ, ಆಮೇಲೆ ನಗುವುದಿಲ್ಲ.

ಆದರೆ ಶುಕ್ರವಾರ ದೇವಿಯ ಸ್ನಾನದ ಹೊತ್ತಿಗೆ ಬಾಗಿಲು ಮುಚ್ಚಬೇಕೆಂದು ಆಕೆಯೇ ಒಂದು ನೇಮ ಸೇರಿಸಿದ್ದಾಳೆ. ಕಲ್ಲನ್ನು ತಾಟಿನಲ್ಲಿ ಬೋರಲು ಹಾಕುತ್ತಾಳೆ. ಕೆಳಮೈಗೆ ಕುಂಕುಮ ತಾಗಿಲ್ಲ, ತಾಗಲು ಆಕೆ ಬಿಟ್ಟಿಲ್ಲ. ಅಲ್ಲಿ ಅಂಗೈಯಗಲ ಪಾಚಿ ಒಣಗಿ ಕರಿ ತೊಗಟೆಯಂತೆ ಹತ್ತಿಕೊಂಡಿದೆ. ಮೇಲೆ ಒಂದು ಚಿಪ್ಪು ನೀರು ಹನಿಸಿ ಕಾಯುತ್ತಾಳೆ. ಸ್ವಲ್ಪ ಹೊತ್ತಿಗೆ ಪಾಚಿ ಮೈ ಬಿಚ್ಚಿ ಹಸಿರಾಗುತ್ತದೆ. ಆಕೆ ಮೂಗು ತಾಗುವಷ್ಟು ಬಗ್ಗಿ, ಕೆಳಗೆ ನೋಡುತ್ತಾಳೆ. ಕಣ್ಣು ಮುಚ್ಚುವುದಿಲ್ಲ.

"ನೀಲಾ, ಆತೇನು? ಮಂದಿ ಕಾಯಿ ಹಿಡಕೊಂಡು ನಿಂತಾರ," ಹೊರಗಿನಿಂದ ಅತ್ತೆ ಕೂಗುತ್ತಾರೆ.

"ಇನ್ನಽ ಇಲ್ಲರಿ," ಅನ್ನುತ್ತಾಳೆ.